ಜೂಜಿನ ಲೆಕ್ಕ ಬರೆದ ಜೂಜುಗಾರ: ಜಿರೊಲಾಮೊ ಕಾರ್ಡಾನೊ

ಇಸ್ಪೀಟಿನ ಎಲೆ, ದಾಳ ಮನುಷ್ಯನನ್ನು ಬೀದಿಗೆ ತಂದ ಕತೆಗಳು ನಮಗೆ ಹೊಸವಲ್ಲ. ಶಕುನಿಯ ದಾಳದ ಮುಂದೆ ಕುಳಿತ ಧರ್ಮರಾಯನ ಪಾಡನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಜೂಜಿನಲ್ಲಿ ಗೆದ್ದು, ಸೋತು, ಮೋಸಹೋಗಿ, ಕೊನೆಗೆ ಆ ಅನುಭವದಿಂದಲೇ ಒಂದು ಹೊಸ ಗಣಿತಕ್ಕೆ ಅಡಿಗಲ್ಲು ಹಾಕಿದವರು ವಿರಳ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಅಂಥವನೊಬ್ಬನಿದ್ದ. ವೈದ್ಯ, ಗಣಿತಜ್ಞ, ಜ್ಯೋತಿಷಿ ಎಲ್ಲವೂ ಆಗಿದ್ದ ಆತನ ಹೆಸರು ಜಿರೊಲಾಮೊ ಕಾರ್ಡಾನೊ. ಸಂಭವನೀಯತೆಯ ಕುರಿತ ಮೊದಲ ವ್ಯವಸ್ಥಿತ ಬರಹವೆಂದು ಇತಿಹಾಸಕಾರರು ಗುರುತಿಸುವುದು ಆತನ ಪುಸ್ತಕವನ್ನು. ಇಸ್ಪೀಟಿನ ಮೋಸಗಳ ಪಟ್ಟಿಯೂ ಅದೇ ಪುಸ್ತಕದಲ್ಲಿದೆ.

ಬೇಡದ ಕೂಸು

ಕಾರ್ಡಾನೊ ಹುಟ್ಟಿದ್ದು 1501ರ ಸೆಪ್ಟೆಂಬರ್ 24ರಂದು, ಪಾವಿಯಾ ನಗರದಲ್ಲಿ. ತಂದೆ ಫಾತ್ಸಿಯೊ ಕಾರ್ಡಾನೊ ಮಿಲಾನಿನ ನ್ಯಾಯಶಾಸ್ತ್ರಜ್ಞ. ರೇಖಾಗಣಿತದಲ್ಲಿ ಲಿಯೊನಾರ್ಡೊ ಡ ವಿಂಚಿಯೇ ಸಲಹೆ ಕೇಳುತ್ತಿದ್ದಷ್ಟು ಬಲ್ಲವ. ತಾಯಿ ಕಿಯಾರಾಳನ್ನು ಆತ ಆಗಿನ್ನೂ ಮದುವೆಯಾಗಿರಲಿಲ್ಲ. ಮಿಲಾನಿನಲ್ಲಿ ಪ್ಲೇಗ್ ಹಬ್ಬಿದ್ದರಿಂದ ಗರ್ಭಿಣಿ ಕಿಯಾರಾ ಪಾವಿಯಾಕ್ಕೆ ಬಂದಿದ್ದಳು. ಆಕೆಯ ಮೊದಲ ಮೂವರು ಮಕ್ಕಳು ಆ ಪ್ಲೇಗಿಗೆ ಬಲಿಯಾದರು. ವಿವಾಹಬಾಹಿರ ಸಂತಾನವೆಂಬ ಹಣೆಪಟ್ಟಿ ಕಾರ್ಡಾನೊನನ್ನು ನಡುವಯಸ್ಸಿನವರೆಗೂ ಬಿಡಲಿಲ್ಲ.

ಪಾವಿಯಾದಲ್ಲಿಯೂ ಆಮೇಲೆ ಪಾದುವಾದಲ್ಲಿಯೂ ಆತ ವೈದ್ಯಶಾಸ್ತ್ರ ಓದಿದ. 1524ರಲ್ಲಿ ತಂದೆ ತೀರಿಕೊಂಡಾಗ ಕೈಗೆ ಬಂದ ಅಲ್ಪ ಆಸ್ತಿ ಬೇಗನೆ ಕರಗಿತು. ಹೊಟ್ಟೆಪಾಡಿಗೆ ಆತ ಹಿಡಿದದ್ದು ಜೂಜಿನ ದಾರಿ. ಚದುರಂಗ, ದಾಳ, ಇಸ್ಪೀಟು ಮೂರರಲ್ಲೂ ಆತನಿಗೆ ಎದುರಾಳಿಗಿಂತ ಹೆಚ್ಚು ಲೆಕ್ಕ ಗೊತ್ತಿತ್ತು. ಹಾಗಾಗಿ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಓದಿನ ಖರ್ಚು ಅದರಿಂದ ನಡೆಯಿತು. ಆದರೆ ಚಟವೂ ಅಂದೇ ಅಂಟಿತು.

ವೆನಿಸ್ಸಿನ ಆ ರಾತ್ರಿ

ಕಾರ್ಡಾನೊ ತನ್ನ ಆತ್ಮಚರಿತ್ರೆಯಲ್ಲಿ ಯೌವನದ ಒಂದು ಘಟನೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಮೇರಿ ಮಾತೆಯ ಜನ್ಮದಿನದ ಹಬ್ಬದ ಸಮಯ. ವೆನಿಸ್ಸಿನ ಸೆನೆಟರ್ ಒಬ್ಬನ ಮನೆಯಲ್ಲಿ ಇಸ್ಪೀಟಾಟ ನಡೆದಿತ್ತು. ಕಾರ್ಡಾನೊ ಸೋಲುತ್ತಲೇ ಹೋದ. ಕೈಯಲ್ಲಿದ್ದ ಎಲೆಗಳನ್ನು ಸೂಕ್ಷ್ಮವಾಗಿ ನೋಡಿದಾಗ ಅವುಗಳ ಮೇಲೆ ಗುರುತು ಮಾಡಿರುವುದು ತಿಳಿಯಿತು. ಆತ ಚೂರಿ ಸೆಳೆದು ಮನೆಯ ಯಜಮಾನನ ಮುಖಕ್ಕೆ ಗಾಯ ಮಾಡಿದ. ಮೇಜಿನ ಮೇಲಿನ ಹಣವನ್ನು ಬಾಚಿಕೊಂಡ. ಅದರಲ್ಲಿ ಸ್ವಲ್ಪವನ್ನು ಗಾಯಾಳುವಿನ ಕಡೆಗೆ ಎಸೆದ. ಬಾಗಿಲಿಗೆ ಬೀಗ ಬಿದ್ದಿತ್ತು, ಒಳಗೆ ಇಬ್ಬರು ಆಳುಗಳಿದ್ದರು. ಆದರೂ ಬಾಗಿಲು ತೆರೆಯುವಂತೆ ಯಜಮಾನನೇ ಆಜ್ಞೆ ಮಾಡಿದ. ಗುರುತಿನ ಎಲೆಗಳ ವಿಷಯ ಹೊರಬಿದ್ದರೆ ತನಗೇ ಅವಮಾನವೆಂದು ಆತ ಬಲ್ಲ.

ಸೆನೆಟರ್ ಮೇಲೆ ಕೈಮಾಡಿದ ಕಾರ್ಡಾನೊ ಅಧಿಕಾರಿಗಳ ಕಣ್ಣು ತಪ್ಪಿಸಿ ಕತ್ತಲಲ್ಲಿ ಅಲೆಯುತ್ತಿದ್ದಾಗ ಕಾಲು ಜಾರಿ ಕಾಲುವೆಗೆ ಬಿದ್ದ. ಹಾದುಹೋಗುತ್ತಿದ್ದ ದೋಣಿಯವರು ಎತ್ತಿಕೊಂಡರು. ದೋಣಿಯೊಳಗೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದವನು ಅದೇ ಸೆನೆಟರ್! ಆತ ಸೇಡು ತೀರಿಸಿಕೊಳ್ಳಲಿಲ್ಲ. ಒದ್ದೆಯಾಗಿದ್ದವನಿಗೆ ಅಂಬಿಗರ ಬಟ್ಟೆ ಕೊಟ್ಟ. ಇಬ್ಬರೂ ಜೊತೆಯಾಗಿಯೇ ಪಾದುವಾ ತಲಪಿದರು.

ಮೋಸದ ಬಗೆಗಳು

ಇಂಥ ಅನುಭವಗಳೆಲ್ಲ ಮುಂದೆ ಜೂಜಾಟವನ್ನು ಕುರಿತ ಆತನ ಲ್ಯಾಟಿನ್ ಪುಸ್ತಕದಲ್ಲಿ ಸೇರಿಕೊಂಡವು. ಒಟ್ಟು 32 ಚಿಕ್ಕ ಅಧ್ಯಾಯಗಳು. ಅವುಗಳಲ್ಲೊಂದು ಇಸ್ಪೀಟಿನ ಮೋಸಗಳಿಗೇ ಮೀಸಲು. ಗುರುತು ಮಾಡುವವರಲ್ಲಿ ಕೆಲವರು ಎಲೆಯ ಕೆಳಭಾಗವನ್ನು, ಕೆಲವರು ಮೇಲ್ಭಾಗವನ್ನು, ಮತ್ತೆ ಕೆಲವರು ಅಂಚನ್ನು ಆರಿಸಿಕೊಳ್ಳುತ್ತಾರೆ. ಬೆರಳಿಗಷ್ಟೇ ಗೊತ್ತಾಗುವ ಒರಟುತನ, ಬಣ್ಣದ ಚುಕ್ಕೆ, ಚೂರಿಯ ತುದಿಯ ಗೀರು, ಅರದಿಂದ ಅಂಚಿಗೆ ಉಜ್ಜಿದ ತಗ್ಗು ಹೀಗೆ ಗುರುತುಗಳು ನಾನಾ ಬಗೆ. ಬೇಕಾದ ಎಲೆ ಸುಲಭವಾಗಿ ಜಾರಲೆಂದು ಸಾಬೂನು ಸವರುವವರಿದ್ದರು. ಎದುರಾಳಿಯ ಎಲೆಯನ್ನು ಕಾಣಲು ಉಂಗುರದಲ್ಲಿ ಪುಟ್ಟ ಕನ್ನಡಿ ಕೂರಿಸಿಕೊಂಡವರಿದ್ದರು. ಪಕ್ಕದಲ್ಲಿ ನಿಂತು ಆಟ ನೋಡುವವನಂತೆ ನಟಿಸಿ ಸನ್ನೆ ಮಾಡುವ ಜೊತೆಗಾರರೂ ಇದ್ದರು.

ದಾಳಕ್ಕೂ ಇಸ್ಪೀಟಿಗೂ ಇರುವ ವ್ಯತ್ಯಾಸವನ್ನು ಕಾರ್ಡಾನೊ ಚೆನ್ನಾಗಿ ಗುರುತಿಸಿದ್ದ. ದಾಳ ಎಲ್ಲರ ಕಣ್ಣೆದುರು ಬೀಳುತ್ತದೆ. ಇಸ್ಪೀಟಿನ ಆಟ ನಡೆಯುವುದು ಮರೆಯಲ್ಲಿ. ಆದ್ದರಿಂದ ಅಲ್ಲಿ ಅದೃಷ್ಟದ ಜೊತೆಗೆ ಊಹೆ, ವಿವೇಚನೆ, ಧೈರ್ಯಗಳಿಗೂ ಬೆಲೆಯುಂಟು. ಮೋಸಕ್ಕೂ ಅಲ್ಲಿಯೇ ಹೆಚ್ಚು ಎಡೆ. ಆತನಿಗೆ ಪ್ರಿಯವಾಗಿದ್ದ ಆಟ ಪ್ರಿಮಿಯೆರಾ. 40 ಎಲೆಗಳ ಕಟ್ಟು, ಒಬ್ಬೊಬ್ಬನಿಗೆ ನಾಲ್ಕು ಎಲೆ. ಕೈಯಲ್ಲಿರುವುದನ್ನು ಮರೆಮಾಡಿ ಪಣ ಏರಿಸುತ್ತಾ ಎದುರಾಳಿಯನ್ನು ಹೆದರಿಸುವ ಆಟ. ಪೋಕರ್‌ನ ಪೂರ್ವಜರಲ್ಲಿ ಅದೂ ಒಂದು.

ಗೆಲ್ಲುವ ಬಗೆಗೂ ಆತ ಕೆಲವು ಮಾತು ಬರೆದಿದ್ದಾನೆ. ಪಣ ಚಿಕ್ಕದಿರಲಿ. ಎದುರಾಳಿ ಮರ್ಯಾದಸ್ಥನಾಗಿರಲಿ. ಸಿಟ್ಟು ಬಂದವನು ಆಟ ಕೆಡಿಸಿಕೊಳ್ಳುತ್ತಾನೆ. ವಕೀಲ, ವೈದ್ಯ, ಪಾದ್ರಿಗಳಂಥವರಿಗೆ ಜೂಜು ಶೋಭಿಸದು. ಜೂಜುಗಾರನಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಆಡದೇ ಇರುವುದರಲ್ಲಿದೆ ಎಂಬುದೇ ಆತ ಕೊಟ್ಟ ಮುಖ್ಯ ಸಲಹೆ.

ಅದೃಷ್ಟಕ್ಕೂ ಒಂದು ಲೆಕ್ಕ

ಆ ಕಾಲದಲ್ಲಿ ದಾಳ ಹೇಗೆ ಬೀಳುತ್ತದೆ ಎಂಬುದು ದೈವೇಚ್ಛೆಯ ಮಾತು. ಕಾರ್ಡಾನೊ ಅದನ್ನು ಎಣಿಕೆಗೆ ತಂದ. ಎರಡು ದಾಳ ಎಸೆದರೆ 36 ಬಗೆಯ ಫಲಿತಗಳು, ಮೂರು ಎಸೆದರೆ 216. ಇವು ಎಲ್ಲವೂ ಸಮಾನ ಸಾಧ್ಯತೆಯವು. ನಮಗೆ ಅನುಕೂಲವಾದವು ಅವುಗಳಲ್ಲಿ ಎಷ್ಟು ಎಂದು ಎಣಿಸಿ ಅದಕ್ಕೆ ತಕ್ಕಂತೆ ಪಣ ಒಡ್ಡಬೇಕು. ನ್ಯಾಯವಾದ ಆಟಕ್ಕೆ ಎದುರಾಳಿ, ಹಣ, ಸ್ಥಳ, ದಾಳ ಎಲ್ಲದರಲ್ಲೂ ಸಮಾನತೆ ಬೇಕು. ಆ ಸಮಾನತೆ ನಿನ್ನ ವಿರುದ್ಧ ವಾಲಿದ್ದರೆ ನೀನು ಮೂರ್ಖ, ನಿನ್ನ ಕಡೆಗೆ ವಾಲಿದ್ದರೆ ನೀನು ಅನ್ಯಾಯಗಾರ ಎಂಬುದು ಆತನ ತೀರ್ಮಾನದ ಸಾರ. ಮೋಸದ ಎಲೆಗಳ ಮೇಲೆ ಆತನಿಗಿದ್ದ ಸಿಟ್ಟಿಗೂ ಈ ತತ್ವಕ್ಕೂ ಸಂಬಂಧವಿದೆ. ಗುರುತಿನ ಎಲೆ ಸಮಾನತೆಯನ್ನೇ ಕದಿಯುತ್ತದೆ.

ಆತ ಎಡವಿದ್ದೂ ಉಂಟು. ದಾಳಕ್ಕೆ ಆರು ಮುಖ. ಆದ್ದರಿಂದ ಮೂರು ಸಲ ಎಸೆದರೆ ಬಯಸಿದ ಮುಖ ಬೀಳುವ ಸಾಧ್ಯತೆ ಅರ್ಧ ಎಂದು ಮೊದಲು ಬರೆದ. ನಿಜವಾದ ಲೆಕ್ಕ 216ರಲ್ಲಿ 91, ಅಂದರೆ ಶೇಕಡಾ 42ರಷ್ಟು. ಮುಂದಿನ ಅಧ್ಯಾಯಗಳಲ್ಲಿ ಈ 91 ಎಂಬ ಸಂಖ್ಯೆಯನ್ನು ಆತನೇ ಕಂಡುಕೊಂಡ. ಒಂದಾದ ಮೇಲೊಂದು ನಡೆಯುವ ಘಟನೆಗಳ ಸಾಧ್ಯತೆಗಳನ್ನು ಗುಣಿಸಬೇಕೆಂಬ ನಿಯಮವನ್ನೂ ತಲಪಿದ. ಆದರೆ ಹಳೆಯ ತಪ್ಪನ್ನು ಅಳಿಸಲಿಲ್ಲ. ತಪ್ಪೂ ತಿದ್ದುಪಡಿಯೂ ಒಂದೇ ಪುಸ್ತಕದಲ್ಲಿ ಉಳಿದವು.

ಮನೆಯೊಳಗಿನ ಸೋಲು

ಇಷ್ಟೆಲ್ಲ ತಿಳಿದವನ ಸ್ವಂತ ಬದುಕು ಬೇರೆಯೇ ಹಾದಿ ಹಿಡಿಯಿತು. ಹುಟ್ಟಿನ ಕಾರಣಕ್ಕೆ ಮಿಲಾನಿನ ವೈದ್ಯರ ಸಂಘ ಆತನಿಗೆ ಪ್ರವೇಶ ನಿರಾಕರಿಸಿತು. 1531ರಲ್ಲಿ ಲುಚಿಯಾ ಬಂದಾರಿನಿಯನ್ನು ಮದುವೆಯಾದ. ಸಣ್ಣ ಊರುಗಳಲ್ಲಿ ವೈದ್ಯವೃತ್ತಿಯಿಂದ ಹೊಟ್ಟೆ ತುಂಬಲಿಲ್ಲ. ಮತ್ತೆ ಜೂಜಿಗೆ ಕುಳಿತು ಹೆಂಡತಿಯ ಒಡವೆಗಳನ್ನೂ ಮನೆಯ ಸಾಮಾನುಗಳನ್ನೂ ಒತ್ತೆಯಿಟ್ಟ. ಕೊನೆಗೆ ಸಂಸಾರ ಮಿಲಾನಿನ ಅನಾಥಾಲಯದ ಆಸರೆ ಪಡೆಯಬೇಕಾಯಿತು. 1534ರಲ್ಲಿ ಗಣಿತ ಬೋಧಿಸುವ ಕೆಲಸ ಸಿಕ್ಕಿತು. 1539ರಲ್ಲಿ ವೈದ್ಯರ ಸಂಘವೂ ಬಾಗಿಲು ತೆರೆಯಿತು.

ಅದೇ ವರ್ಷ ನಿಕೊಲೊ ಟಾರ್ಟಾಲ್ಯಾ ಎಂಬ ಗಣಿತಜ್ಞ ಘನ ಸಮೀಕರಣಗಳನ್ನು ಬಿಡಿಸುವ ಗುಟ್ಟನ್ನು, ಪ್ರಕಟಿಸಬಾರದೆಂಬ ಆಣೆಯ ಮೇಲೆ, ಆತನಿಗೆ ತಿಳಿಸಿದ. ಟಾರ್ಟಾಲ್ಯಾನಿಗಿಂತ ಮೊದಲೇ ಬೊಲೊನ್ಯಾದ ದೆಲ್ ಫೆರೊ ಈ ವಿಧಾನ ಕಂಡಿದ್ದನೆಂದು 1543ರಲ್ಲಿ ಕಾರ್ಡಾನೊನಿಗೆ ಗೊತ್ತಾಯಿತು. 1545ರಲ್ಲಿ ಆರ್ಸ್ ಮ್ಯಾಗ್ನಾ ಎಂಬ ಗ್ರಂಥದಲ್ಲಿ, ಇಬ್ಬರ ಹೆಸರನ್ನೂ ಹೇಳಿಯೇ, ಅದನ್ನು ಪ್ರಕಟಿಸಿದ. ಗ್ರಂಥ ಬೀಜಗಣಿತದ ದಿಕ್ಕನ್ನೇ ಬದಲಿಸಿತು. ಟಾರ್ಟಾಲ್ಯಾನ ಪಾಲಿಗೆ ಮಾತ್ರ ಕಾರ್ಡಾನೊ ಕೊನೆಯವರೆಗೂ ಮಾತು ತಪ್ಪಿದ ಮೋಸಗಾರ. ಜೂಜಿನ ಮೋಸವನ್ನು ಅಷ್ಟು ನಿಷ್ಠುರವಾಗಿ ಅಳೆದವನ ಮೇಲೆ ಬಂದ ಈ ಆಪಾದನೆ ಇಂದಿಗೂ ಚರ್ಚೆಯ ವಿಷಯ.

ಕೀರ್ತಿ ಬೆಳೆಯಿತು. 1552ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ನ ಉಬ್ಬಸಕ್ಕೆ ಚಿಕಿತ್ಸೆ ಮಾಡಿದ. ಗರಿ ತುಂಬಿದ ಹಾಸಿಗೆಯನ್ನು ಬಿಡಿಸಿದ್ದು ಆ ಚಿಕಿತ್ಸೆಯ ಒಂದು ಭಾಗ. ಹಿಂದಿರುಗುವಾಗ ಇಂಗ್ಲೆಂಡಿನ ಬಾಲದೊರೆ ಆರನೆಯ ಎಡ್ವರ್ಡ್‌ನ ಜಾತಕ ನೋಡಿ ದೀರ್ಘಾಯುಷ್ಯ ಹೇಳಿದ. ಮರುವರ್ಷ ದೊರೆ 15ನೆಯ ವಯಸ್ಸಿನಲ್ಲೇ ತೀರಿಕೊಂಡ.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲೇ ಕಾದಿತ್ತು. ಹಿರಿಯ ಮಗ ಜಿಯಾಂಬತ್ತಿಸ್ತಾ ಹೆಂಡತಿಗೆ ವಿಷವಿಟ್ಟ ಅಪರಾಧಕ್ಕಾಗಿ 1560ರಲ್ಲಿ ಶಿರಚ್ಛೇದಕ್ಕೆ ಗುರಿಯಾದ. ಮಗನನ್ನು ಉಳಿಸಲು ತಂದೆ ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಕಿರಿಯ ಮಗ ಆಲ್ದೊ ತಂದೆಯ ಚಟವನ್ನು ಪಡೆದ, ತಂದೆಯ ಬುದ್ಧಿಯನ್ನು ಪಡೆಯಲಿಲ್ಲ. ಜೂಜಿನಲ್ಲಿ ಸೋತು ತಂದೆಯ ಮನೆಯಲ್ಲೇ ಕಳವು ಮಾಡಿದ. 1569ರಲ್ಲಿ ಕಾರ್ಡಾನೊ ತಾನೇ ದೂರು ಕೊಟ್ಟು ಮಗನನ್ನು ಬೊಲೊನ್ಯಾದಿಂದ ಗಡೀಪಾರು ಮಾಡಿಸಿದ. ಮರುವರ್ಷ ಧರ್ಮವಿಚಾರಣಾ ಮಂಡಳಿ ಕಾರ್ಡಾನೊನನ್ನೇ ಬಂಧಿಸಿತು. ಕೆಲವು ತಿಂಗಳ ಸೆರೆಯ ಬಳಿಕ ಬಿಡುಗಡೆಯಾಯಿತು, ಆದರೆ ಬೋಧನೆಯ ಹಕ್ಕು ಹೋಯಿತು.

ಕೊನೆಯ ದಿನಗಳು

ರೋಮಿನಲ್ಲಿ ಪೋಪ್ ಕೊಟ್ಟ ವೇತನದ ಮೇಲೆ ಬದುಕುತ್ತಾ ಆತ ಆತ್ಮಚರಿತ್ರೆ ಬರೆದ. ಚದುರಂಗಕ್ಕೆ 40ಕ್ಕೂ ಹೆಚ್ಚು ವರ್ಷ, ದಾಳಕ್ಕೆ ಸುಮಾರು 25 ವರ್ಷ ಕೊಟ್ಟೆನೆಂದೂ, ದಿನವೂ ಆಡಿ ಹಣ, ಕಾಲ, ಮಾನ ಮೂರನ್ನೂ ಕಳೆದುಕೊಂಡೆನೆಂದೂ ಅದರಲ್ಲಿ ಒಪ್ಪಿಕೊಂಡಿದ್ದಾನೆ. 1576ರ ಸೆಪ್ಟೆಂಬರ್ 21ರಂದು, 75 ತುಂಬಲು ಮೂರು ದಿನವಿರುವಾಗ ಕಣ್ಣುಮುಚ್ಚಿದ.

ಜೂಜಿನ ಪುಸ್ತಕ ಅಚ್ಚಾದದ್ದು 1663ರಲ್ಲಿ, ಲಿಯೋನ್ ನಗರದಿಂದ ಹೊರಬಂದ ಆತನ ಸಮಗ್ರ ಕೃತಿಗಳ ಹತ್ತು ಸಂಪುಟಗಳಲ್ಲಿ. ಅಷ್ಟರಲ್ಲಿ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರ ವ್ಯವಹಾರದಲ್ಲಿ ಅದೇ ಶಾಸ್ತ್ರವನ್ನು ಸ್ವತಂತ್ರವಾಗಿ ಕಟ್ಟಿದ್ದರು. ಶ್ರೇಯಸ್ಸು ಅವರ ಪಾಲಾಯಿತು. ಇಂದು ಜೀವವಿಮೆಯ ಕಂತಿನಿಂದ ಹವಾಮಾನ ಮುನ್ಸೂಚನೆಯವರೆಗೆ ಎಲ್ಲೆಡೆ ಬಳಕೆಯಾಗುವ ಲೆಕ್ಕದ ಮೊದಲ ಗೆರೆಗಳು ಮಾತ್ರ ಈ ಜೂಜುಗಾರನ ಹಸ್ತಪ್ರತಿಯಲ್ಲಿದ್ದವು.

ಎಲೆಯ ಮೇಲಿನ ಗುರುತು ಗುರುತಿಸಬಲ್ಲವನಾಗಿದ್ದ ಕಾರ್ಡಾನೊ. ದಾಳದ 216 ಬಗೆಗಳನ್ನು ಎಣಿಸಬಲ್ಲವನೂ ಆಗಿದ್ದ. ಆದರೆ ಆಟದಿಂದ ಏಳುವುದೇ ಹೆಚ್ಚಿನ ಲಾಭವೆಂದು ಬರೆದ ಕೈ ಮತ್ತೆ ಮತ್ತೆ ಎಲೆಗಳ ಕಡೆಗೇ ಚಾಚಿತು. ಆತನ ಲೆಕ್ಕವನ್ನು ಲೋಕ ಬಳಸಿಕೊಂಡಿತು. ಆತನ ಸಲಹೆಯನ್ನು ಮಾತ್ರ ಆತನ ಮನೆಯಲ್ಲೇ ಯಾರೂ ಪಾಲಿಸಲಿಲ್ಲ.