ಪ್ರಾರ್ಥನೆಯಲ್ಲಿ ಯಾರ ಹೆಸರು? ಇಬ್ರಾಹಿಂ ಆದಿಲ್ ಶಾ ಬದುಕು ಹೇಳುವ ಕಥೆ

ಆರ್ಥೊಡಾಕ್ಸ್ ಚರ್ಚುಗಳ ಪೂಜೆಯಲ್ಲಿ ಧರ್ಮಗುರುವಿನ ಹೆಸರು ಹೇಳಿ ಪ್ರಾರ್ಥಿಸುವ ಪದ್ಧತಿಯಿದೆ. ಉಕ್ರೇನಿನಲ್ಲಿ ಈ ಹೆಸರೇ ರಾಜಕೀಯವಾಯಿತು. 2019ರ ಜನವರಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಧರ್ಮಪೀಠ ಉಕ್ರೇನಿಗೆ ಸ್ವತಂತ್ರ ಚರ್ಚಿನ ಮಾನ್ಯತೆ ಕೊಟ್ಟಿತು. ಇದನ್ನು ವಿರೋಧಿಸಿದ ಮಾಸ್ಕೋ ಅಷ್ಟರಲ್ಲಾಗಲೇ ಆ ಪೀಠದ ಜೊತೆ ಸಂಬಂಧ ಕಡಿದುಕೊಂಡಿತ್ತು. 2022ರಲ್ಲಿ ರಷ್ಯಾ ದಾಳಿ ಮಾಡಿದಾಗ ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್ ಯುದ್ಧದ ಪರ ನಿಂತರು. ಎರಡೂ ಕಡೆ ಒಂದೇ ಶಿಲುಬೆ, ಒಂದೇ ಸಂಪ್ರದಾಯ. ಆದ್ರೂ ಯಾವ ಚರ್ಚಿಗೆ ಹೋಗ್ತೀಯ ಅನ್ನೋದು ದೇಶನಿಷ್ಠೆಯ ಪರೀಕ್ಷೆಯಾಯಿತು.

ಇದು ನಮಗೆ ದೂರದ ಸುದ್ದಿಯೇನಲ್ಲ. ಪ್ರಾರ್ಥನೆಯಲ್ಲಿ ಯಾರ ಹೆಸರಿರಬೇಕು ಎಂದು ನೆರೆಯ ರಾಜ್ಯಗಳು ಕತ್ತಿ ಹಿರಿದದ್ದು ನಮ್ಮ ವಿಜಯಪುರದಲ್ಲೂ ನಡೆದಿದೆ. ಇಬ್ರಾಹಿಂಪುರ, ಇಬ್ರಾಹಿಂ ರೋಜಾ ಅಂತ ಇಬ್ರಾಹಿಂ ಎಂಬ ಹೆಸರು ಈ ಊರಿಗೆ ಇಂದಿಗೂ ಅಂಟಿಕೊಂಡಿದೆ. ರೋಜಾದಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾನ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಶುಕ್ರವಾರದ ನಮಾಜಿನಲ್ಲಿ ಓದುವ ಖುತ್ಬಾದಲ್ಲಿ ಯಾರ ಹೆಸರು ಬರುತ್ತದೋ ರಾಜ್ಯ ಅವರದು ಎಂದರ್ಥ. ಆದಿಲ್ ಶಾಹಿ ಸ್ಥಾಪಕ ಯೂಸುಫ್ 1502ರಲ್ಲಿ ಶಿಯಾ ಪದ್ಧತಿಯ ಖುತ್ಬಾ ಓದಿಸಿದ. ಅಹ್ಮದ್‌ನಗರ, ಬೀದರ್, ಗೋಲ್ಕೊಂಡ ಒಟ್ಟಾಗಿ ಅವನ ಮೇಲೆ ಬಂದವು. ತಮಾಷೆ ನೋಡಿ, ಗೋಲ್ಕೊಂಡದ ಕುಲಿ ತಾನೇ ಶಿಯಾ! ಯೂಸುಫ್ ಬೇರಾರಿಗೆ ಓಡಿ, ಆದೇಶ ಹಿಂಪಡೆದು ಉಳಿದುಕೊಂಡ. ಅವನ ಮಗ ಇಸ್ಮಾಯಿಲ್ ಇರಾನಿನ ಶಾಗಾಗಿ ಪ್ರಾರ್ಥನೆ ಮಾಡಿಸಿದ, ಸೈನಿಕರಿಗೆ ಇರಾನಿನ ಕೆಂಪು ಟೋಪಿ ತೊಡಿಸಿದ. ಮೊದಲನೇ ಇಬ್ರಾಹಿಂ ಸುನ್ನಿ ಪದ್ಧತಿ ತಂದ. ಅವನ ಮಗ ಅಲಿ ಮತ್ತೆ ಶಿಯಾ ಪದ್ಧತಿಗೆ ಹೊರಳಿದ. ದೊರೆ ಬದಲಾದಂತೆ ಮಸೀದಿಯ ಮಾತೂ ಬದಲಾಗುತ್ತಿತ್ತು.

1580ರಲ್ಲಿ ಅಲಿ ಕೊಲೆಯಾದಾಗ ಗದ್ದುಗೆ ಸಿಕ್ಕಿದ್ದು ಅವನ ತಮ್ಮನ ಮಗ ಇಬ್ರಾಹಿಂಗೆ. ಆಗಿನ್ನೂ ಒಂಬತ್ತರ ಹುಡುಗ. ಆಡಳಿತ ಅಲಿಯ ಪತ್ನಿ ಚಾಂದ್ ಬೀಬಿ ಕೈಯಲ್ಲಿತ್ತು. ಆಮೇಲೆ ಬಂದ ಸರದಾರ ದಿಲಾವರ್ ಖಾನ್ ಮತ್ತೆ ಸುನ್ನಿ ಪದ್ಧತಿ ಹೇರಿದ. ಬಾಲಕ ದೊರೆಯ ಹೆಸರಿನಲ್ಲಿ ಯಾರ್ಯಾರೋ ಧರ್ಮ ಬದಲಿಸುತ್ತಿದ್ದರು. 1590ರ ಹೊತ್ತಿಗೆ ಇಬ್ರಾಹಿಂ ಅವನನ್ನು ಓಡಿಸಿ ಅಧಿಕಾರ ತನ್ನ ಕೈಗೆ ತಗೊಂಡ.

ಅದೇ ಹೊತ್ತಿಗೆ ಪಕ್ಕದ ಅಹ್ಮದ್‌ನಗರದಲ್ಲಿ ಜಮಾಲ್ ಖಾನ್ ಎಂಬ ಸರದಾರ ಮಹದವಿ ಪಂಥವನ್ನು ರಾಜ್ಯದ ಧರ್ಮ ಮಾಡಿದ್ದ. 1591ರಲ್ಲಿ ಬಿಜಾಪುರ ಮತ್ತು ಖಾಂದೇಶದ ನೆರವಿನಿಂದ ಬುರ್ಹಾನ್ ನಿಜಾಂ ಶಾ ಅವನನ್ನು ಸೋಲಿಸಿ, ಶಿಯಾ ಪದ್ಧತಿಯನ್ನು ಮರಳಿ ತಂದ. ಮರುವರ್ಷವೇ ಅದೇ ಬುರ್ಹಾನ್, ಓಡಿಹೋಗಿದ್ದ ದಿಲಾವರ್‌ಗೆ ಆಶ್ರಯ ಕೊಟ್ಟು ಬಿಜಾಪುರದ ಮೇಲೇ ದಂಡೆತ್ತಿ ಬಂದ. ಧರ್ಮದ ಮಾತು ಮುಗಿದ ಮೇಲೂ ಸೊಲ್ಲಾಪುರದ ಕೋಟೆಯ ಜಗಳ ಮುಗಿದಿರಲಿಲ್ಲ.

ಇಂಥ ಕಾಲದಲ್ಲಿ ಇಬ್ರಾಹಿಂ ಬೇರೆ ದಾರಿ ಹಿಡಿದ. ದಖನಿ ಭಾಷೆಯಲ್ಲಿ ಬರೆದ ಕಿತಾಬ್-ಎ-ನವರಸ್‌ನ ಹಾಡುಗಳಲ್ಲಿ ಸರಸ್ವತಿ, ಗಣಪತಿ, ಪ್ರವಾದಿ, ಕಲಬುರಗಿಯ ಗೇಸುದರಾಜ್ ಎಲ್ಲರಿಗೂ ಜಾಗವಿದೆ. 1599ರಲ್ಲಿ ತೊರವಿಯ ಬಳಿ ಸಂಗೀತಕ್ಕೆಂದೇ ನವರಸಪುರ ಎಂಬ ಊರು ಕಟ್ಟಲು ಹೊರಟ. ಇರಾನಿನಿಂದ ಬಂದ ಕವಿ ಜುಹೂರಿ, ಇತಿಹಾಸಕಾರ ಫೆರಿಸ್ತಾ ಅವನ ಆಸ್ಥಾನದಲ್ಲಿದ್ದರು. ಜನ ಅವನನ್ನು ಜಗದ್ಗುರು ಅಂದರು.

ಹಾಗಂತ ಅವನನ್ನು ಶಾಂತಿದೂತ ಮಾಡುವುದು ಬೇಡ. ಬಂಡೆದ್ದ ಸ್ವಂತ ಸಹೋದರನನ್ನು ಅವನು ಉಳಿಸಲಿಲ್ಲ. 1595ರಲ್ಲಿ ಬಿಜಾಪುರದ ಸೈನ್ಯದ ವಿರುದ್ಧದ ಕಾಳಗದಲ್ಲಿ ಅಹ್ಮದ್‌ನಗರದ ದೊರೆ ಸತ್ತ. ಮೊಘಲರು ಅಹ್ಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ, ಅಲ್ಲಿ ಹೋರಾಡುತ್ತಿದ್ದ ಚಾಂದ್ ಬೀಬಿಗೆ ಇಬ್ರಾಹಿಂ ಸೈನ್ಯ ಕಳಿಸಿದ್ದು ನಿಜ, ಆದರೆ 1600ರಲ್ಲಿ ಆಕೆ ತನ್ನವರ ಕೈಯಲ್ಲೇ ಕೊಲೆಯಾದಳು. 1619ರಲ್ಲಿ ಅವನು ಬೀದರನ್ನು ನುಂಗಿದ. 1624ರಲ್ಲಿ ಮೊಘಲರ ಜೊತೆ ಸೇರಿ ಭಾತವಡಿಯಲ್ಲಿ ಮಲಿಕ್ ಅಂಬರ್‌ನನ್ನು ಎದುರಿಸಿ ಸೋತ. ಅಂಬರ್ ಬಿಜಾಪುರದವರೆಗೂ ಬಂದು ನವರಸಪುರವನ್ನು ಹಾಳುಗೆಡವಿದ. ಸಂಗೀತದ ಊರನ್ನು ಕೆಡವಿದ್ದು ಬೇರೆ ಧರ್ಮದವರಲ್ಲ, ನೆರೆಯ ಮುಸ್ಲಿಂ ರಾಜ್ಯದ ಸೇನಾಪತಿ. 1627ರಲ್ಲಿ ಇಬ್ರಾಹಿಂ ತೀರಿಕೊಂಡ.

ಇದರಿಂದ ತಿಳಿಯುವುದೇನು? ನೆರೆಯವರ ಯುದ್ಧ ನಡೆಯುವುದು ಕೋಟೆಗೆ, ಕಂದಾಯಕ್ಕೆ, ಗಡಿಗೆ. ಒಂದೇ ಧರ್ಮ ಅಂತ ಯಾರೂ ಕತ್ತಿ ಕೆಳಗಿಡಲ್ಲ. ದೊರೆ ಪ್ರಾರ್ಥನೆಗೆ ಕೈ ಹಾಕಿದಾಗ ಮಾತ್ರ ಆ ಜಗಳ ಸಾಮಾನ್ಯ ಭಕ್ತನ ಮೈಮೇಲೆ ಬರುತ್ತದೆ. ನಿನ್ನೆವರೆಗೆ ದೇವರ ಮುಂದೆ ನಿಂತವನು ಇವತ್ತು ದ್ರೋಹಿ. ಉಕ್ರೇನಿನ ಹಳ್ಳಿಯ ಮುದುಕಿಗೆ ಆಗುತ್ತಿರುವುದು ಇದೇ. 2022ರ ಮೇನಲ್ಲಿ ಅಲ್ಲಿನ ಚರ್ಚು ಮಾಸ್ಕೋದಿಂದ ತಾನು ಸ್ವತಂತ್ರ ಎಂದರೂ ಅನುಮಾನ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ರಷ್ಯಾದ ಚರ್ಚಿನ ನಂಟಿರುವ ಸಂಸ್ಥೆಗಳ ವಿರುದ್ಧ ಕಾನೂನೇ ಬಂತು.

ಇಬ್ರಾಹಿಂ ಯುದ್ಧ ಬಿಡಲಿಲ್ಲ. ಆದರೆ ಪ್ರಜೆ ಯಾರಿಗೆ ಕೈಮುಗಿಯುತ್ತಾನೆ ಎಂಬುದನ್ನು ರಾಜ್ಯನಿಷ್ಠೆಯ ಅಳತೆಗೋಲು ಮಾಡುವ ತನ್ನ ಮನೆತನದ ಚಾಳಿಯನ್ನು ಅವನು ಮುಂದುವರಿಸಲಿಲ್ಲ. ಇವತ್ತಿನ ಸರ್ಕಾರಗಳಿಂದ, ನಾವು ಓಟು ಹಾಕುವ ಪಕ್ಷಗಳಿಂದ ಕನಿಷ್ಠ ಅಷ್ಟನ್ನಾದರೂ ಕೇಳೋದು ಜಾಸ್ತಿ ಆಯ್ತಾ?