ಹರ್ಮನ್ ಹೆಸ್ಸೆ

ಹರ್ಮನ್ ಹೆಸ್ಸೆ (ಜುಲೈ 2, 1877 – ಆಗಸ್ಟ್ 9, 1962) ಜರ್ಮನ್ ಭಾಷೆಯ ಪ್ರಸಿದ್ಧ ಕಾದಂಬರಿಕಾರ, ಕವಿ ಹಾಗೂ ಹವ್ಯಾಸಿ ಜಲವರ್ಣ ಚಿತ್ರಕಾರರು. 'ಸಿದ್ಧಾರ್ಥ', 'ಸ್ಟೆಪನ್‌ವುಲ್ಫ್' ಮೊದಲಾದ ಕೃತಿಗಳಿಂದ ಜಗತ್ತಿನಾದ್ಯಂತ ಓದುಗರನ್ನು ಪಡೆದ ಇವರಿಗೆ 1946ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆಯಿತು. ಸುಮಾರು ನಲವತ್ತನೆಯ ವಯಸ್ಸಿನಲ್ಲಿ, ತೀವ್ರ ಮಾನಸಿಕ ಸಂಕಟದ ನಡುವೆ ಕುಂಚ ಹಿಡಿದ ಹೆಸ್ಸೆ ಜೀವನದ ಉಳಿದ ಅವಧಿಯಲ್ಲಿ ಸುಮಾರು 3000 ಜಲವರ್ಣ ಚಿತ್ರಗಳನ್ನು ರಚಿಸಿದರೆಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಬಹುಪಾಲು ಮಿತ್ರರಿಗೆ ಬರೆದ ಪತ್ರಗಳ ತಲೆಬರಹವಾಗಿ, ಕೈಬರಹದ ಕವಿತೆಗಳ ಜೊತೆಗಾರನಾಗಿ ಇತರರ ಕೈ ಸೇರಿದವು.

ಮನೆತನ ಮತ್ತು ಕರಾವಳಿಯ ನಂಟು

ಹೆಸ್ಸೆ ಜನಿಸಿದ್ದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಕಾಲ್ವ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಯೊಹಾನ್ನೆಸ್ ಹೆಸ್ಸೆ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1869ರಲ್ಲಿ ಭಾರತಕ್ಕೆ ಬಂದು ಮಂಗಳೂರಿನಲ್ಲಿ ಸೇವೆ ಸಲ್ಲಿಸಿದವರು. ಅನಾರೋಗ್ಯದ ಕಾರಣ 1873ರಲ್ಲಿ ಯುರೋಪಿಗೆ ಮರಳಿದರು. ತಾಯಿ ಮರೀ ಗುಂಡರ್ಟ್ 1842ರಲ್ಲಿ ಮಲಬಾರಿನ ತಲಶ್ಶೇರಿಯಲ್ಲಿ ಹುಟ್ಟಿದವರು. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮತ್ತು ವ್ಯಾಕರಣಗಳ ಕರ್ತೃವಾಗಿ ಪ್ರಖ್ಯಾತರು. ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಹಾಗೂ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಂಡ್ ಕಿಟ್ಟೆಲ್ ಇದೇ ಮಿಷನ್ನಿಗೆ ಸೇರಿದವರು. ಹೀಗಾಗಿ ಹೆಸ್ಸೆಯವರ ಬಾಲ್ಯದ ಮನೆಯಲ್ಲಿ ಭಾರತದ ಪುಸ್ತಕಗಳು, ವಸ್ತುಗಳು ಮತ್ತು ನೆನಪುಗಳು ನಿತ್ಯದ ಸಂಗತಿಗಳಾಗಿದ್ದವು.

ವಿದ್ಯಾಭ್ಯಾಸ ಮತ್ತು ಆರಂಭಿಕ ಬದುಕು

ಮಗನನ್ನು ಪಾದ್ರಿಯಾಗಿಸಬೇಕೆಂಬುದು ತಂದೆತಾಯಿಯರ ಬಯಕೆಯಾಗಿತ್ತು. ಅದರಂತೆ 1891ರಲ್ಲಿ ಮೌಲ್‌ಬ್ರಾನ್ ಮಠದ ಧಾರ್ಮಿಕ ವಿದ್ಯಾಲಯವನ್ನು ಸೇರಿದ ಹೆಸ್ಸೆ ಮರುವರ್ಷ ಮಾರ್ಚಿಯಲ್ಲಿ ಅಲ್ಲಿಂದ ಓಡಿಹೋದರು. ಅದೇ ವರ್ಷ ಆತ್ಮಹತ್ಯೆಗೂ ಯತ್ನಿಸಿದ್ದರಿಂದ ಅವರನ್ನು ಚಿಕಿತ್ಸಾಲಯವೊಂದರಲ್ಲಿ ಇರಿಸಲಾಯಿತು. ಅನಂತರ ಕಾಲ್ವ್‌ನ ಗಡಿಯಾರ ಕಾರ್ಖಾನೆಯಲ್ಲಿಯೂ, 1895ರಿಂದ ಟ್ಯೂಬಿಂಗನ್‌ನ ಪುಸ್ತಕದಂಗಡಿಯಲ್ಲಿಯೂ ಕೆಲಸ ಕಲಿತರು. 1904ರಲ್ಲಿ ಪ್ರಕಟವಾದ 'ಪೀಟರ್ ಕಾಮೆನ್‌ಸಿಂಡ್' ಕಾದಂಬರಿಯ ಯಶಸ್ಸಿನಿಂದ ಬರವಣಿಗೆಯನ್ನೇ ಜೀವನೋಪಾಯವಾಗಿ ಸ್ವೀಕರಿಸಲು ಸಾಧ್ಯವಾಯಿತು. ಅದೇ ವರ್ಷ ಮರಿಯಾ ಬರ್ನೂಲಿಯವರನ್ನು ವಿವಾಹವಾಗಿ ಕಾನ್‌ಸ್ಟನ್ಸ್ ಸರೋವರದ ದಡದ ಗೈಯೆನ್‌ಹೋಫನ್ ಗ್ರಾಮದಲ್ಲಿ ನೆಲೆಸಿದರು. ಬ್ರೂನೊ, ಹೈನರ್ ಮತ್ತು ಮಾರ್ಟಿನ್ ಎಂಬ ಮೂವರು ಗಂಡುಮಕ್ಕಳು ಜನಿಸಿದರು.

ತಾವು ಚಿತ್ರ ಬರೆಯುವುದಕ್ಕೆ ಬಹಳ ಮೊದಲೇ ಹೆಸ್ಸೆಯವರಿಗೆ ಚಿತ್ರಕಾರರ ಒಡನಾಟವಿತ್ತು. 1911ರಲ್ಲಿ ಅವರು ಸಿಂಹಳ, ಸುಮಾತ್ರಾ ಮುಂತಾದೆಡೆಗಳಿಗೆ ಪ್ರವಾಸ ಹೊರಟಾಗ ಜೊತೆಗಿದ್ದವರು ಚಿತ್ರಕಾರ ಹಾನ್ಸ್ ಸ್ಟುರ್ಟ್ಸೆನೆಗ್ಗರ್. ತಂದೆತಾಯಿಯರು ಬದುಕಿದ್ದ ಭಾರತದ ಮುಖ್ಯ ಭೂಭಾಗವನ್ನು ಮಾತ್ರ ಹೆಸ್ಸೆ ಆ ಪ್ರವಾಸದಲ್ಲಿ ಕಾಣಲಿಲ್ಲ. 1912ರಲ್ಲಿ ಕುಟುಂಬವು ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ತೆರಳಿತು. ಅಲ್ಲಿ ಅವರು ವಾಸಿಸಿದ್ದು ಆಗಷ್ಟೇ ತೀರಿಕೊಂಡಿದ್ದ ಚಿತ್ರಕಾರ ಆಲ್ಬರ್ಟ್ ವೆಲ್ಟಿಯವರ ಮನೆಯಲ್ಲಿ. 1914ರಲ್ಲಿ ಪ್ರಕಟವಾದ 'ರಾಸ್‌ಹಾಲ್ಡೆ' ಕಾದಂಬರಿಯ ನಾಯಕನೂ ಒಬ್ಬ ಚಿತ್ರಕಾರನೇ.

ಸಂಕಟ ಮತ್ತು ಕುಂಚದ ಆರಂಭ

ಮೊದಲನೆಯ ಮಹಾಯುದ್ಧ ಆರಂಭವಾದಾಗ ಹೆಸ್ಸೆ ರಾಷ್ಟ್ರದ್ವೇಷದ ಉನ್ಮಾದವನ್ನು ಟೀಕಿಸಿ ಲೇಖನ ಬರೆದರು. ಇದರಿಂದ ಜರ್ಮನ್ ಪತ್ರಿಕೆಗಳ ಕಟು ನಿಂದನೆಗೆ ಗುರಿಯಾದರು. ಹಲವು ಹಳೆಯ ಮಿತ್ರರು ದೂರವಾದರು. ಯುದ್ಧದ ಅವಧಿಯಲ್ಲಿ ಅವರು ಬರ್ನ್‌ನಲ್ಲಿದ್ದು ಯುದ್ಧಕೈದಿಗಳಿಗೆ ಪುಸ್ತಕಗಳನ್ನು ಒದಗಿಸುವ ಸೇವೆಯಲ್ಲಿ ತೊಡಗಿದರು. 1916ರಲ್ಲಿ ತಂದೆ ತೀರಿಕೊಂಡರು. ಕಿರಿಯ ಮಗ ಮಾರ್ಟಿನ್‌ನ ಗಂಭೀರ ಕಾಯಿಲೆ, ಪತ್ನಿಯ ಮನೋರೋಗ ಇವೂ ಒಟ್ಟಿಗೆ ಬಂದೊದಗಿ ಹೆಸ್ಸೆ ಕುಸಿದುಹೋದರು.

ಲುಸರ್ನ್ ಸಮೀಪದ ಸೊನ್‌ಮಾಟ್ ಚಿಕಿತ್ಸಾಲಯದಲ್ಲಿ ಅವರಿಗೆ ಚಿಕಿತ್ಸೆ ನೀಡಿದವರು ಕಾರ್ಲ್ ಗುಸ್ತಾವ್ ಯೂಂಗ್ ಅವರ ಪಂಥದ ವೈದ್ಯ ಯೋಸೆಫ್ ಬರ್ನ್‌ಹಾರ್ಡ್ ಲಾಂಗ್. ಕನಸುಗಳನ್ನು ಮಾತಿನಲ್ಲಿ ಹೇಳುವುದರ ಜೊತೆಗೆ ಚಿತ್ರವಾಗಿಯೂ ಬಿಡಿಸುವಂತೆ ಲಾಂಗ್ ಪ್ರೇರೇಪಿಸಿದರು. ಈ ಚಿಕಿತ್ಸೆಯ ಅಂಗವಾಗಿ 1916–17ರ ಸುಮಾರಿಗೆ ಹೆಸ್ಸೆ ಮೊದಲ ಚಿತ್ರಗಳನ್ನು ಬರೆದರು. ಕಲಾಶಾಲೆಯ ಶಿಕ್ಷಣವಾಗಲಿ ಗುರುವಿನ ಬಳಿ ಕ್ರಮಬದ್ಧ ಅಭ್ಯಾಸವಾಗಲಿ ಅವರಿಗಿರಲಿಲ್ಲ. ಆರಂಭದ ಚಿತ್ರಗಳಲ್ಲಿ ಬಣ್ಣ ದಟ್ಟವಾಗಿದ್ದು ಮಂಕಾಗಿತ್ತು. ಸತತ ಅಭ್ಯಾಸದಿಂದ ಅವರು ಕ್ರಮೇಣ ಪಾರದರ್ಶಕ ಜಲವರ್ಣದ ಕಡೆಗೆ ಹೊರಳಿದರು. ಈ ಮಾಧ್ಯಮದಲ್ಲಿ ಕಾಗದದ ಬಿಳುಪೇ ಬೆಳಕಿನ ಮೂಲ. ಹಚ್ಚಿದ ಬಣ್ಣವನ್ನು ತೈಲವರ್ಣದಂತೆ ಮೇಲಿಂದ ಮುಚ್ಚಿ ತಿದ್ದುವುದು ಕಷ್ಟ. ತಪ್ಪನ್ನು ಹಾಗೆಯೇ ಉಳಿಸಿಕೊಂಡು ಮುಂದುವರಿಯಬೇಕಾದ ಈ ಶಿಸ್ತಿನಲ್ಲಿ ಹೆಸ್ಸೆ ಸಮಾಧಾನ ಕಂಡರು. ಇದೇ ಅವಧಿಯಲ್ಲಿ ರಚಿಸಿದ 'ಡೆಮಿಯಾನ್' ಕಾದಂಬರಿಯು 1919ರಲ್ಲಿ ಎಮಿಲ್ ಸಿಂಕ್ಲೇರ್ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು.

ಮೊಂಟಾನ್ಯೋಲಾದ ವರ್ಷಗಳು

1919ರ ವಸಂತದಲ್ಲಿ ಹೆಸ್ಸೆ ಕುಟುಂಬದಿಂದ ಬೇರ್ಪಟ್ಟು ಸ್ವಿಟ್ಜರ್ಲೆಂಡಿನ ದಕ್ಷಿಣದ, ಇಟಾಲಿಯನ್ ಮಾತನಾಡುವ ಟಿಚಿನೊ ಪ್ರಾಂತಕ್ಕೆ ಒಬ್ಬರೇ ಹೊರಟರು. ಲುಗಾನೊ ಸರೋವರದ ಮೇಲಣ ಮೊಂಟಾನ್ಯೋಲಾ ಗ್ರಾಮದಲ್ಲಿ 'ಕಾಸಾ ಕಮೂಸಿ' ಎಂಬ ಹಳೆಯ ವಿಲಕ್ಷಣ ಸೌಧದ ಕೆಲವು ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಬದುಕು ಬಡತನದ್ದಾಗಿತ್ತು. ಆದರೆ ಅಲ್ಲಿಯ ಬಿಸಿಲು, ಕೆಂಪು ಹೆಂಚಿನ ಮನೆಗಳು, ಚೆಸ್ಟ್‌ನಟ್ ಕಾಡುಗಳು ಮತ್ತು ನೀಲಿ ಬೆಟ್ಟಗಳು ಅವರ ಚಿತ್ರಗಳ ಬಣ್ಣವನ್ನು ಸಂಪೂರ್ಣವಾಗಿ ಬದಲಿಸಿದವು.

ಮಡಚುವ ಪುಟ್ಟ ಪೀಠ, ಬಣ್ಣದ ಡಬ್ಬಿ, ನೀರು ಹಾಗೂ ಕಾಗದಗಳನ್ನು ಹೊತ್ತು ಬೆಟ್ಟದ ದಾರಿಗಳಲ್ಲಿ ಅಲೆದು, ಸ್ಥಳದಲ್ಲಿಯೇ ಕುಳಿತು ಚಿತ್ರ ಬರೆಯುವುದು ಅವರ ದಿನಚರಿಯಾಯಿತು. ಸಾಮಾನ್ಯವಾಗಿ ಮೊದಲು ಪೆನ್ಸಿಲ್ ಅಥವಾ ಲೇಖನಿಯಿಂದ ಹೊರರೇಖೆಗಳನ್ನು ಎಳೆದು, ಆ ಅಂಕಣಗಳನ್ನು ಶುಭ್ರವಾದ ಬಣ್ಣಗಳಿಂದ ತುಂಬುತ್ತಿದ್ದರು. ಮನೆಗಳು, ಮರಗಳು, ಬೆಟ್ಟಗಳು ಸರಳ ಜ್ಯಾಮಿತೀಯ ಆಕಾರಗಳಾಗುತ್ತಿದ್ದವು. ಮನುಷ್ಯರ ಆಕೃತಿಗಳು ಈ ಚಿತ್ರಗಳಲ್ಲಿ ಬಹಳ ವಿರಳ. 1920ರ ದಶಕದಲ್ಲಿ ಬರೆದ ಕೆಲವು ಗದ್ಯಲೇಖನಗಳಲ್ಲಿ ಅವರು ಹವ್ಯಾಸಿ ಚಿತ್ರಕಾರನ ಸುಖದುಃಖಗಳನ್ನೇ ವಿಷಯವಾಗಿಸಿಕೊಂಡಿದ್ದಾರೆ.

ಚಿತ್ರಕಾರ ಮಿತ್ರರು

ಮೊಂಟಾನ್ಯೋಲಾದಲ್ಲಿ ಹೆಸ್ಸೆ ಏಕಾಂತವಾಸಿಯಾಗಿದ್ದರೂ ವೃತ್ತಿಪರ ಕಲಾವಿದರ ಸ್ನೇಹವನ್ನು ಬೆಳೆಸಿಕೊಂಡರು. 1914ರಲ್ಲಿ ಪೌಲ್ ಕ್ಲೇ ಮತ್ತು ಔಗುಸ್ಟ್ ಮಾಕೆಯವರೊಡನೆ ಟ್ಯುನೀಸಿಯಾ ಪ್ರವಾಸ ಮಾಡಿದ್ದ ಲೂಯಿ ಮುವಾಯೆ ಅವರ ಆಪ್ತರಲ್ಲೊಬ್ಬರು. ಇನ್ನೊಬ್ಬ ಮಿತ್ರ ಕೂನೊ ಆಮಿಯೆ ಹೆಸ್ಸೆಯವರ ಹಿರಿಯ ಮಗ ಬ್ರೂನೊನನ್ನು ತಮ್ಮ ಮನೆಯಲ್ಲಿರಿಸಿಕೊಂಡು ಬೆಳೆಸಿದರು. ಬ್ರೂನೊ ಮುಂದೆ ಚಿತ್ರಕಾರನೇ ಆದನು. 1933ರಲ್ಲಿ ಬಂದು ಕಾಸಾ ಕಮೂಸಿಯಲ್ಲಿ ನೆಲೆಸಿದ ಯುವಕ ಗುಂಟರ್ ಬೋಮರ್ ಹಾಗೂ ಅನಂತರ ಅದೇ ಸೌಧಕ್ಕೆ ಬಂದ ಹಾನ್ಸ್ ಪುರ್ಮಾನ್ ಅವರೂ ಈ ಬಳಗದವರು.

1919ರ ಬೇಸಿಗೆಯಲ್ಲಿ ರಚಿತವಾಗಿ ಮರುವರ್ಷ ಪುಸ್ತಕರೂಪದಲ್ಲಿ ಬಂದ 'ಕ್ಲಿಂಗ್‌ಸರನ ಕೊನೆಯ ಬೇಸಿಗೆ' ಎಂಬ ನೀಳ್ಗತೆ ಈ ಅನುಭವದ ನೇರ ಫಲ. ಅದರ ನಾಯಕ ನಲವತ್ತೆರಡು ವರ್ಷದ ಚಿತ್ರಕಾರ. ಹೆಸ್ಸೆಯವರ ವಯಸ್ಸೂ ಆಗ ಅಷ್ಟೇ. ಕಥೆಯ ಲೂಯಿ ಎಂಬ ಪಾತ್ರಕ್ಕೆ ಮುವಾಯೆ ಅವರೇ ಮಾದರಿ. ಕಥಾನಾಯಕ ಬಣ್ಣಗಳ ಉನ್ಮಾದದಲ್ಲಿ ಉರಿದು ಮುಗಿದುಹೋದರೆ, ಅವನನ್ನು ಸೃಷ್ಟಿಸಿದ ಲೇಖಕನಿಗೆ ಅದೇ ಬಣ್ಣಗಳು ಬದುಕುವ ದಾರಿಯಾದವು.

ಚಿತ್ರಗಳ ಹಂಚಿಕೆ

ಹೆಸ್ಸೆ ತಮ್ಮ ಚಿತ್ರಗಳನ್ನು ಕಲಿಕೆಯ ಹಂತದಿಂದಲೇ ಇತರರೊಡನೆ ಹಂಚಿಕೊಂಡರು. ಯುದ್ಧದ ಕೊನೆಯ ವರ್ಷಗಳಲ್ಲಿ ತಮ್ಮ ಕವಿತೆಗಳನ್ನು ಕೈಯಿಂದ ನಕಲು ಮಾಡಿ, ಪ್ರತಿಯೊಂದಕ್ಕೂ ಪುಟ್ಟ ಜಲವರ್ಣ ಚಿತ್ರವನ್ನು ಸೇರಿಸಿ ಮಾರತೊಡಗಿದರು. ಆ ಹಣ ಯುದ್ಧಕೈದಿಗಳ ಪುಸ್ತಕಸೇವೆಗೆ ಸಲ್ಲುತ್ತಿತ್ತು. ಯುದ್ಧಾನಂತರದ ಹಣದುಬ್ಬರದಲ್ಲಿ ಜರ್ಮನ್ ಮಾರ್ಕಿನ ಬೆಲೆ ಕುಸಿದು ಅವರ ಪುಸ್ತಕಗಳ ಗೌರವಧನ ನಿಷ್ಪ್ರಯೋಜಕವಾದಾಗ ಈ ಸಚಿತ್ರ ಹಸ್ತಪ್ರತಿಗಳೇ ಅವರ ಸ್ವಂತ ಜೀವನಕ್ಕೂ ಆಧಾರವಾದವು. ಮುಂದಿನ ದಶಕಗಳಲ್ಲಿ ಇವುಗಳ ಆದಾಯವನ್ನು ಅವರು ನಿರಾಶ್ರಿತರ ಮತ್ತು ಕಷ್ಟದಲ್ಲಿದ್ದವರ ನೆರವಿಗೆ ಬಳಸಿದರು. ಆಸಕ್ತರು ಕೇಳಿದಾಗ ಹೊಸದಾಗಿಯೇ ಸಿದ್ಧಪಡಿಸಿ ಕೊಡುತ್ತಿದ್ದುದರಿಂದ ಒಂದು ಪ್ರತಿಯಂತೆ ಇನ್ನೊಂದು ಇರುತ್ತಿರಲಿಲ್ಲ.

1920ರ ಜನವರಿಯಲ್ಲಿ ಬಾಸೆಲ್ ನಗರದ ಕುನ್‌ಸ್ಟ್‌ಹಾಲೆಯಲ್ಲಿ ಅವರ ಜಲವರ್ಣಗಳ ಪ್ರದರ್ಶನ ನಡೆಯಿತು. ಅದೇ ವರ್ಷ ಹತ್ತು ಕವಿತೆಗಳೂ ಬಣ್ಣದ ಚಿತ್ರಗಳೂ ಉಳ್ಳ 'ಚಿತ್ರಕಾರನ ಕವಿತೆಗಳು' ಮತ್ತು ಸಚಿತ್ರ ಗದ್ಯಪದ್ಯಗಳ 'ಅಲೆದಾಟ' ಪ್ರಕಟವಾದವು. 1921ರಲ್ಲಿ ಟಿಚಿನೊದ 11 ಜಲವರ್ಣಗಳ ಸಂಪುಟವೊಂದು ಹೊರಬಂದಿತು.

1922ರಲ್ಲಿ, 'ಸಿದ್ಧಾರ್ಥ' ಪ್ರಕಟವಾದ ವರ್ಷವೇ, ಅವರು ಗಾಯಕಿ ರೂಟ್ ವೆಂಗರ್ ಅವರಿಗಾಗಿ 'ಪಿಕ್ಟರನ ರೂಪಾಂತರಗಳು' ಎಂಬ ಕಾಲ್ಪನಿಕ ಕಥೆಯನ್ನು ರಚಿಸಿ ತಾವೇ ಚಿತ್ರಗಳನ್ನು ಬರೆದರು. ಲ್ಯಾಟಿನ್ ಭಾಷೆಯಲ್ಲಿ ಪಿಕ್ಟರ್ ಎಂದರೆ ಚಿತ್ರಕಾರ. ಸ್ವರ್ಗವನ್ನು ಹೊಕ್ಕು ಮರವಾಗಿ ಮಾರ್ಪಟ್ಟ ಪಿಕ್ಟರ್, ಬದಲಾವಣೆಯ ಶಕ್ತಿಯನ್ನು ಕಳೆದುಕೊಂಡವರು ಕ್ರಮೇಣ ಕೊರಗುತ್ತಾರೆಂಬುದನ್ನು ಅರಿಯುತ್ತಾನೆ. ಹುಡುಗಿಯೊಬ್ಬಳು ಬಂದು ಅವನಲ್ಲಿ ಒಂದಾದಾಗ ಅವನಿಗೆ ಆ ಶಕ್ತಿ ಮರಳಿ ದೊರೆಯುತ್ತದೆ. ಈ ಕಥೆಯನ್ನು ಹೆಸ್ಸೆ ದಶಕಗಳ ಕಾಲ ಕೈಬರಹದ ಸಚಿತ್ರ ಪ್ರತಿಗಳಾಗಿಯೇ ನೀಡುತ್ತ ಬಂದರು. ಮೂಲದ ಯಥಾಪ್ರತಿ ಮುದ್ರಣವಾದದ್ದು 1954ರಲ್ಲಿ.

ಪತ್ರಗಳು ಹಂಚಿಕೆಯ ಮತ್ತೊಂದು ಮಾರ್ಗವಾಗಿದ್ದವು. ಅಪರಿಚಿತ ಓದುಗರಿಗೂ ಉತ್ತರಿಸುತ್ತಿದ್ದ ಹೆಸ್ಸೆ ಅಸಂಖ್ಯ ಪತ್ರಗಳನ್ನು ಬರೆದರು. ಅವುಗಳಲ್ಲಿ ಅನೇಕವುಗಳ ಶಿರೋಭಾಗದಲ್ಲಿ ಅಂಗೈಗಿಂತ ಚಿಕ್ಕದಾದ ಜಲವರ್ಣ ಭೂದೃಶ್ಯವಿರುತ್ತಿತ್ತು.

ಉತ್ತರ ಜೀವನ

1923ರಲ್ಲಿ ಮೊದಲ ವಿವಾಹ ವಿಚ್ಛೇದನಗೊಂಡಿತು. 1924ರಲ್ಲಿ ರೂಟ್ ವೆಂಗರ್ ಅವರೊಡನೆ ನಡೆದ ವಿವಾಹವೂ 1927ರಲ್ಲಿ ಕೊನೆಗೊಂಡಿತು. 'ಸ್ಟೆಪನ್‌ವುಲ್ಫ್' ಪ್ರಕಟವಾದುದು ಅದೇ ವರ್ಷ. 1931ರಲ್ಲಿ ನೀನಾನ್ ಡೋಲ್ಬಿನ್ ಅವರನ್ನು ವಿವಾಹವಾಗಿ, ಮಿತ್ರ ಬೋಡ್ಮರ್ ಅವರು ಕಟ್ಟಿಸಿ ಜೀವಿತಾವಧಿಯ ವಾಸಕ್ಕೆ ಬಿಟ್ಟುಕೊಟ್ಟ ಕೆಂಪು ಮನೆಗೆ ತೆರಳಿದರು. 1933ರಲ್ಲಿ ಜರ್ಮನಿಯನ್ನು ತೊರೆದ ಥಾಮಸ್ ಮಾನ್ ಮತ್ತು ಬರ್ಟೋಲ್ಟ್ ಬ್ರೆಕ್ಟ್ ಈ ಮನೆಗೆ ಬಂದಿದ್ದರು. ಕೊನೆಯ ಬೃಹತ್ ಕಾದಂಬರಿ 'ಗಾಜಿನ ಮಣಿಗಳ ಆಟ' 1943ರಲ್ಲಿ ಹೊರಬಂದಿತು. ನೊಬೆಲ್ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಅವರು ಹೋಗಲಿಲ್ಲ. ಕಣ್ಣಿನ ತೊಂದರೆ ಅವರನ್ನು ಬಹುಕಾಲ ಬಾಧಿಸಿತಾದರೂ ಸಣ್ಣ ಚಿತ್ರಗಳನ್ನು ಬರೆಯುವ ರೂಢಿ ವೃದ್ಧಾಪ್ಯದಲ್ಲಿಯೂ ಮುಂದುವರಿಯಿತು.

1962ರ ಆಗಸ್ಟ್ 9ರಂದು ಮೊಂಟಾನ್ಯೋಲಾದ ತಮ್ಮ ಮನೆಯಲ್ಲಿ ಹೆಸ್ಸೆ ನಿಧನರಾದರು. ಸಮೀಪದ ಸಂತ ಅಬ್ಬೊಂಡಿಯೊ ದೇವಾಲಯದ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಚಿತ್ರಕಲೆಯ ಸ್ಥಾನ

ಹೆಸ್ಸೆ ತಮ್ಮನ್ನು ಎಂದಿಗೂ ವೃತ್ತಿಪರ ಚಿತ್ರಕಾರನೆಂದು ಕರೆದುಕೊಳ್ಳಲಿಲ್ಲ. ಆದರೆ ಚಿತ್ರಕಲೆಯ ಅನುಭವವಿಲ್ಲದಿದ್ದರೆ ಲೇಖಕನಾಗಿ ತಾವು ಅಷ್ಟು ದೂರ ಸಾಗುತ್ತಿರಲಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. ಅಭಿವ್ಯಕ್ತಿವಾದಿ ಕಲಾವಿದರ ಪ್ರಭಾವ ಅವರ 1920ರ ದಶಕದ ಚಿತ್ರಗಳಲ್ಲಿ ಸ್ಪಷ್ಟವಾಗಿದ್ದರೂ ಆಧುನಿಕ ಕಲೆಯ ಇತಿಹಾಸದಲ್ಲಿ ಅವರಿಗೆ ಹೊಸ ಹಾದಿ ತೆರೆದವರ ಸ್ಥಾನವಿಲ್ಲ. ಈ ಚಿತ್ರಗಳ ಮಹತ್ವವಿರುವುದು ಅವರ ಬರಹದೊಡನೆ ಅವು ಹೊಂದಿರುವ ಸಂಬಂಧದಲ್ಲಿ ಹಾಗೂ ಟಿಚಿನೊ ಪ್ರಾಂತದ ಹಳೆಯ ಭೂದೃಶ್ಯವನ್ನು ಅವು ಉಳಿಸಿಕೊಟ್ಟಿರುವುದರಲ್ಲಿ. ಕಾಸಾ ಕಮೂಸಿಗೆ ಹೊಂದಿಕೊಂಡ ಗೋಪುರದಲ್ಲಿ 1997ರಲ್ಲಿ ಆರಂಭವಾದ ಹರ್ಮನ್ ಹೆಸ್ಸೆ ವಸ್ತುಸಂಗ್ರಹಾಲಯದಲ್ಲಿ ಅವರ ಜಲವರ್ಣಗಳನ್ನೂ ಬಳಕೆಯ ವಸ್ತುಗಳನ್ನೂ ಕಾಣಬಹುದು.

ಪ್ರಮುಖ ಕೃತಿಗಳು

- ಪೀಟರ್ ಕಾಮೆನ್‌ಸಿಂಡ್ (1904)
- ರಾಸ್‌ಹಾಲ್ಡೆ (1914)
- ಡೆಮಿಯಾನ್ (1919)
- ಕ್ಲಿಂಗ್‌ಸರನ ಕೊನೆಯ ಬೇಸಿಗೆ (1920)
- ಚಿತ್ರಕಾರನ ಕವಿತೆಗಳು (1920, ಸ್ವರಚಿತ ಚಿತ್ರಗಳೊಡನೆ)
- ಅಲೆದಾಟ (1920, ಸ್ವರಚಿತ ಚಿತ್ರಗಳೊಡನೆ)
- ಸಿದ್ಧಾರ್ಥ (1922)
- ಸ್ಟೆಪನ್‌ವುಲ್ಫ್ (1927)
- ಗಾಜಿನ ಮಣಿಗಳ ಆಟ (1943)
- ಪಿಕ್ಟರನ ರೂಪಾಂತರಗಳು (ರಚನೆ 1922, ಯಥಾಪ್ರತಿ 1954)