ಹೈಬ್ರಿಡ್ ಕಾರಿನ ಬ್ಯಾಟರಿ ಬದಲಿಸುವ ಮುನ್ನ ಎಡಿಸನ್ ಅವರ ಕತೆ ಕೇಳಿ

ಹತ್ತು ಹನ್ನೆರಡು ವರ್ಷ ಓಡಿದ ಹೈಬ್ರಿಡ್ ಕಾರು ಇರುವವರ ಮುಂದೆ ಇಂದಲ್ಲ ನಾಳೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಳೆಯ ನಿಕಲ್ ಬ್ಯಾಟರಿ ಸೋತಿದೆ. ಅದನ್ನು ತೆಗೆದು ಲಿಥಿಯಂ ಬ್ಯಾಟರಿ ಕೂರಿಸಿದರೆ ಆಗದೇ? ಲಿಥಿಯಂ ಹಗುರ, ಹೊಸದು, ಮೊಬೈಲಿನಿಂದ ಸ್ಕೂಟರಿನವರೆಗೆ ಎಲ್ಲೆಡೆ ಅದೇ ಇದೆ. ಹಾಗಾಗಿ ಹಳೆಯ ಕಾರಿಗೂ ಅದನ್ನು ಹಾಕಿದರೆ ಒಳ್ಳೆಯದೇ ಆಗಬೇಕು ಎಂಬುದು ಹಲವರ ನಂಬಿಕೆ.

ಈ ನಂಬಿಕೆ ಎಷ್ಟು ಸರಿ? ಉತ್ತರಕ್ಕಾಗಿ ನಾವು ನೂರು ವರ್ಷಕ್ಕೂ ಹಿಂದೆ ಹೋಗಬೇಕು. ವಾಹನಗಳಲ್ಲಿದ್ದ ಒಂದು ಬಗೆಯ ಬ್ಯಾಟರಿಯನ್ನು ತೆಗೆಸಿ ಇನ್ನೊಂದು ಬಗೆಯದನ್ನು ಹಾಕಿಸಲು ಸುಮಾರು ಹತ್ತು ವರ್ಷ ಹೆಣಗಿದವರು ಥಾಮಸ್ ಆಲ್ವಾ ಎಡಿಸನ್. ಬಲ್ಬಿನ ಎಡಿಸನ್ ನಮಗೆಲ್ಲ ಗೊತ್ತು. ಬ್ಯಾಟರಿಯ ಎಡಿಸನ್ ಅಷ್ಟಾಗಿ ಗೊತ್ತಿಲ್ಲ.

ರೈಲಿನಲ್ಲಿ ಪೇಪರ್ ಮಾರಿದ ಹುಡುಗ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೊ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ಶಾಲೆಗೆ ಹೋದದ್ದು ಕಡಿಮೆ, ಪಾಠ ಹೇಳಿಕೊಟ್ಟವರು ತಾಯಿ ನ್ಯಾನ್ಸಿ. ಹನ್ನೆರಡರ ವಯಸ್ಸಿಗೇ ಪೋರ್ಟ್ ಹ್ಯೂರಾನ್ ಮತ್ತು ಡೆಟ್ರಾಯಿಟ್ ನಡುವಿನ ರೈಲಿನಲ್ಲಿ ಪೇಪರ್, ತಿಂಡಿ ಮಾರುತ್ತಿದ್ದರು. ಚಿಕ್ಕಂದಿನಲ್ಲೇ ಕಿವಿ ಮಂದವಾಯಿತು. ಆಮೇಲೆ ಟೆಲಿಗ್ರಾಫ್ ಕೆಲಸ ಕಲಿತರು. ಆಗ ಟೆಲಿಗ್ರಾಫ್ ತಂತಿಗಳಿಗೆ ವಿದ್ಯುತ್ ಸಿಗುತ್ತಿದ್ದದ್ದು ಬ್ಯಾಟರಿಗಳಿಂದಲೇ. ಹೀಗೆ ಬ್ಯಾಟರಿಯ ಪರಿಚಯ ಅವರಿಗೆ ಹದಿಹರೆಯದಲ್ಲೇ ಆಗಿತ್ತು.

ಮುಂದಿನದು ಬಹಳ ಜನ ಓದಿರುವ ಕತೆ. 1876ರಲ್ಲಿ ಮೆನ್ಲೋ ಪಾರ್ಕ್ ಪ್ರಯೋಗಾಲಯ, 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಹೆಚ್ಚು ಹೊತ್ತು ಉರಿಯುವ ಬಲ್ಬು, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ. ಅವರ ಹೆಸರಿನಲ್ಲಿ ದಾಖಲಾದ ಅಮೆರಿಕದ ಪೇಟೆಂಟುಗಳು 1,093. ಆದರೆ 1890ರ ದಶಕದಲ್ಲಿ ಕಬ್ಬಿಣದ ಅದಿರನ್ನು ಆಯಸ್ಕಾಂತದಿಂದ ಬೇರ್ಪಡಿಸುವ ಉದ್ಯಮಕ್ಕೆ ಕೈಹಾಕಿ ಅಪಾರ ಹಣ ಕಳೆದುಕೊಂಡರು. ಬ್ಯಾಟರಿಯ ಕೆಲಸಕ್ಕೆ ಇಳಿದದ್ದು ಆ ನಷ್ಟದ ಬೆನ್ನಿಗೇ, ಐವತ್ತು ದಾಟಿದ ಮೇಲೆ.

ಸೀಸ ಬೇಡ, ನಿಕಲ್ ಬೇಕು

1900ರ ಸುಮಾರಿಗೆ ಅಮೆರಿಕದ ರಸ್ತೆಗಳಲ್ಲಿ ಹಬೆ ಕಾರು, ಪೆಟ್ರೋಲ್ ಕಾರು, ವಿದ್ಯುತ್ ಕಾರು ಮೂರೂ ಪೈಪೋಟಿಯಲ್ಲಿದ್ದವು. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಗೋಳೂ ಇಲ್ಲ. ಅದರ ಕಷ್ಟವೆಲ್ಲ ಬ್ಯಾಟರಿಯದು. ಆಗಿನದು ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಬ್ಯಾಟರಿ, ಅಂದರೆ ಇಂದು ನಮ್ಮ ಮನೆಯ ಇನ್ವರ್ಟರಿನಲ್ಲಿರುವ ಜಾತಿಯದೇ. ತುಂಬಾ ಭಾರ. ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತಿತ್ತು.

ಎಡಿಸನ್ ಆಮ್ಲವನ್ನೇ ಬಿಟ್ಟು ಕ್ಷಾರದ ದಾರಿ ಹಿಡಿದರು. ಒಂದು ಫಲಕಕ್ಕೆ ನಿಕಲ್ ಸಂಯುಕ್ತ, ಇನ್ನೊಂದಕ್ಕೆ ಕಬ್ಬಿಣ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಇದನ್ನು ಅವರೊಬ್ಬರೇ ಕಂಡುಹಿಡಿದರು ಎನ್ನುವುದು ತಪ್ಪು. ಅದೇ ವರ್ಷಗಳಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕೂಡ ಇಂಥದ್ದೇ ನಿಕಲ್ ಬ್ಯಾಟರಿಗಳನ್ನು ಮಾಡುತ್ತಿದ್ದರು, ಇಬ್ಬರ ನಡುವೆ ಪೇಟೆಂಟ್ ಜಗಳವೂ ಆಯಿತು.

1901ರಲ್ಲಿ ಎಡಿಸನ್ ಸ್ಟೋರೇಜ್ ಬ್ಯಾಟರಿ ಕಂಪನಿ ಹುಟ್ಟಿತು. 1903ರಲ್ಲಿ ಬ್ಯಾಟರಿ ಮಾರುಕಟ್ಟೆಗೆ ಬಂತು. ಸ್ವಲ್ಪ ಕಾಲದಲ್ಲೇ ದೂರುಗಳು ಬರತೊಡಗಿದವು. ಉಕ್ಕಿನ ಡಬ್ಬಿಗಳ ಬೆಸುಗೆ ಬಿಟ್ಟು ದ್ರಾವಣ ಸೋರುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಒಳಗಿತ್ತು. ನಿಕಲ್ ಸಂಯುಕ್ತದಲ್ಲಿ ವಿದ್ಯುತ್ ಹರಿಯಲೆಂದು ಬೆರೆಸಿದ್ದ ಗ್ರಾಫೈಟ್ ಬಳಸುತ್ತಾ ಬಳಸುತ್ತಾ ಸಂಪರ್ಕ ಕಳೆದುಕೊಳ್ಳುತ್ತಿತ್ತು, ಸೆಲ್‌ನ ಸಾಮರ್ಥ್ಯ ಇಳಿಯುತ್ತಿತ್ತು. ಎಡಿಸನ್ 1904ರಲ್ಲಿ ತಯಾರಿಕೆ ನಿಲ್ಲಿಸಿ, ಕೆಟ್ಟ ಬ್ಯಾಟರಿಗಳನ್ನು ಹಣ ಕೊಟ್ಟು ವಾಪಸ್ ತೆಗೆದುಕೊಂಡರು. ಕೈಯಿಂದಲೇ ಖರ್ಚು ಹಾಕಿ ಮತ್ತೆ ಪ್ರಯೋಗಕ್ಕೆ ಕೂತರು.

ಇದು 1909ರವರೆಗೆ ನಡೆಯಿತು. ಹೊಸ ವಿನ್ಯಾಸದಲ್ಲಿ ಗ್ರಾಫೈಟ್ ಹೋಗಿ ತೆಳ್ಳನೆಯ ನಿಕಲ್ ಪದರಗಳು ಬಂದವು. ಸಣ್ಣ ತೂತುಗಳಿರುವ ಉಕ್ಕಿನ ಕೊಳವೆಗಳಲ್ಲಿ ಅವನ್ನು ನಿಕಲ್ ಸಂಯುಕ್ತದ ಜೊತೆ ಪದರ ಪದರವಾಗಿ ಅದುಮಿ ತುಂಬಿದರು. ದ್ರಾವಣಕ್ಕೆ ಸ್ವಲ್ಪ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದ್ದರಿಂದ ಸಾಮರ್ಥ್ಯ ಹೆಚ್ಚಿತು. ಹೌದು, ಆಗಲೇ ಬ್ಯಾಟರಿಯೊಳಗೆ ಲಿಥಿಯಂ ಇತ್ತು! ಆದರೆ ಅದು ಇಂದಿನ ಲಿಥಿಯಂ ಅಯಾನ್ ಬ್ಯಾಟರಿ ಅಲ್ಲ. ಹೆಸರಿನಲ್ಲಿ ಒಂದು ಧಾತು ಇದ್ದ ಮಾತ್ರಕ್ಕೆ ಬ್ಯಾಟರಿಗಳು ಒಂದೇ ಆಗುವುದಿಲ್ಲ.

ಸೆಲ್ ಬದಲಾದರೆ ಲೆಕ್ಕವೂ ಬದಲು

ಹೊಸ ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಪೂರ್ತಿ ಖಾಲಿಯಾದರೂ, ಹೆಚ್ಚು ಚಾರ್ಜ್ ಆದರೂ ಸಹಿಸುತ್ತಿತ್ತು, ನೀರು ಹಾಕುತ್ತಿದ್ದರೆ ದಶಕಗಟ್ಟಲೆ ಬಾಳುತ್ತಿತ್ತು. ಹಾಗಿದ್ದರೂ ಸೀಸದ ಬ್ಯಾಟರಿ ಇದ್ದ ಜಾಗಕ್ಕೆ ಸುಮ್ಮನೆ ಅದನ್ನು ಇಡುವಂತಿರಲಿಲ್ಲ. ಸೀಸದ ಒಂದು ಸೆಲ್ ಸುಮಾರು 2 ವೋಲ್ಟ್ ಕೊಟ್ಟರೆ ನಿಕಲ್-ಕಬ್ಬಿಣದ ಸೆಲ್ ಕೊಡುವುದು ಸುಮಾರು 1.2 ವೋಲ್ಟ್. 80 ವೋಲ್ಟ್ ಬೇಕಾದರೆ ಸೀಸದ 40 ಸೆಲ್ ಸಾಕು, ಎಡಿಸನ್ನರ ಸೆಲ್ 67 ಬೇಕು. ಚಾರ್ಜ್ ಮಾಡುವಾಗ ಪ್ರತಿ ಸೆಲ್‌ಗೆ ಸುಮಾರು 1.7 ವೋಲ್ಟ್ ಕೊಡಬೇಕು, ಆದ್ದರಿಂದ ಚಾರ್ಜರ್ ಕೂಡ ಬೇರೆಯೇ ಆಗಬೇಕು. ಚಳಿಯಲ್ಲಿ ಈ ಬ್ಯಾಟರಿ ಮಂಕಾಗುತ್ತಿತ್ತು. ಒಮ್ಮೆಗೇ ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತಿತ್ತು. ಬೆಲೆಯೂ ಕಡಿಮೆಯಿರಲಿಲ್ಲ. ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರಿನಲ್ಲಿ ಸೀಸದ ಬದಲು ಎಡಿಸನ್ ಬ್ಯಾಟರಿ ಬೇಕೆಂದರೆ 600 ಡಾಲರ್ ಹೆಚ್ಚು ತೆರಬೇಕಿತ್ತು.

ಈ ಬ್ಯಾಟರಿಯನ್ನು ತೈಲ ಕಂಪನಿಗಳು ಮೂಲೆಗೆ ತಳ್ಳಿದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಅಂಥ ಸಂಚಿನ ಅಗತ್ಯವಿಲ್ಲ. ಬ್ಯಾಟರಿ ಸಿದ್ಧವಾಗುವ ಹೊತ್ತಿಗೆ, ಅಂದರೆ 1908ರಲ್ಲಿ, ಹೆನ್ರಿ ಫೋರ್ಡ್ ಅವರ ಅಗ್ಗದ ಮಾಡೆಲ್ ಟಿ ಪೆಟ್ರೋಲ್ ಕಾರು ಬಂದಾಗಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂತು, ಹ್ಯಾಂಡಲ್ ತಿರುಗಿಸುವ ಕಷ್ಟ ಹೋಯಿತು. ಸ್ಟಾರ್ಟರಿಗೆ ಕ್ಷಣದಲ್ಲಿ ಭಾರಿ ಕರೆಂಟ್ ಬೇಕು, ಅದನ್ನು ಕೊಡಬಲ್ಲದ್ದು ಸೀಸದ ಬ್ಯಾಟರಿ. ಫೋರ್ಡ್ ಮತ್ತು ಎಡಿಸನ್ ಆಪ್ತ ಗೆಳೆಯರು. ಇಬ್ಬರೂ ಸೇರಿ ಅಗ್ಗದ ವಿದ್ಯುತ್ ಕಾರು ತರುವ ಸುದ್ದಿ 1914ರಲ್ಲಿ ಹೊರಬಿತ್ತು. ಕಾರು ಮಾತ್ರ ಬರಲೇ ಇಲ್ಲ.

ಜಲಾಂತರ್ಗಾಮಿಯೊಳಗಿನ ಸ್ಫೋಟ

ಬ್ಯಾಟರಿಯ ಬಗೆ ಬದಲಿಸುವುದು ಎಷ್ಟು ಗಂಭೀರ ಎಂಬುದು ತಿಳಿದದ್ದು ರಸ್ತೆಯಲ್ಲಲ್ಲ. ಅಂದಿನ ಜಲಾಂತರ್ಗಾಮಿಗಳು ಒಂದರ್ಥದಲ್ಲಿ ಹೈಬ್ರಿಡ್ ವಾಹನಗಳೇ. ನೀರಿನ ಮೇಲೆ ಎಂಜಿನ್, ನೀರಿನೊಳಗೆ ಬ್ಯಾಟರಿ ಮತ್ತು ಮೋಟಾರ್. ಸೀಸದ ಬ್ಯಾಟರಿಗೆ ಸಮುದ್ರದ ಉಪ್ಪುನೀರು ನುಗ್ಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ನಾವಿಕರಿಗೆ ಅದು ಪ್ರಾಣಭಯ. ಎಡಿಸನ್ನರ ಬ್ಯಾಟರಿಯಲ್ಲಿ ಆಮ್ಲವೇ ಇಲ್ಲದ್ದರಿಂದ ಆ ಭಯವಿಲ್ಲ ಎಂಬ ಭರವಸೆಯಿತ್ತು. ಅಮೆರಿಕದ ನೌಕಾಪಡೆ ಇ-2 ಎಂಬ ಜಲಾಂತರ್ಗಾಮಿಯಲ್ಲಿ ಈ ಬ್ಯಾಟರಿಯನ್ನು ಹಾಕಿಸಿ ಪರೀಕ್ಷೆಗೆ ತೊಡಗಿತು. 1915ರಲ್ಲಿ ಎಡಿಸನ್ ನೌಕಾಪಡೆಯ ಸಲಹಾ ಮಂಡಳಿಯ ಮುಖ್ಯಸ್ಥರೂ ಆಗಿದ್ದರು.

1916ರ ಜನವರಿ 15ರಂದು ನ್ಯೂಯಾರ್ಕಿನ ನೌಕಾನೆಲೆಯಲ್ಲಿ ನಿಂತಿದ್ದ ಇ-2ರೊಳಗೆ ಹೈಡ್ರೋಜನ್ ಸ್ಫೋಟಿಸಿತು. ಒಳಗೆ ಕೆಲಸದಲ್ಲಿದ್ದ ಹಲವರು ಸತ್ತರು, ಇನ್ನೂ ಹಲವರು ಗಾಯಗೊಂಡರು. ಕಬ್ಬಿಣದ ಫಲಕ ಕ್ಷಾರದಲ್ಲಿ ಹೈಡ್ರೋಜನ್ ಬಿಡುವುದು ಸಹಜ ಗುಣ, ಚಾರ್ಜ್ ಮಾಡುವಾಗ ಇನ್ನೂ ಹೆಚ್ಚು. ಇನ್ನೊಂದು ಸಂಗತಿಯೂ ಇದೆ. ಹಲವು ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವಾಗ ದುರ್ಬಲವಾದದ್ದು ಮೊದಲು ಖಾಲಿಯಾಗುತ್ತದೆ. ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತವೆ. ಆಗ ಆ ಸೆಲ್‌ನ ಧನ, ಋಣ ತಿರುವುಮುರುವಾಗಿ ಅನಿಲ ಹೊರಬರುತ್ತದೆ. ಬಯಲಿನಲ್ಲಿ ಓಡುವ ಗಾಡಿಯಲ್ಲಿ ಅದು ಗಾಳಿಗೆ ಹೋಗುತ್ತದೆ. ಮುಚ್ಚಿದ ಹಡಗಿನಲ್ಲಿ ಎಲ್ಲಿಗೆ ಹೋಗಬೇಕು? ಒಂದು ಅಪಾಯ ತಪ್ಪಿಸಲು ಬಂದ ಬ್ಯಾಟರಿ ಇನ್ನೊಂದನ್ನು ಜೊತೆಗೆ ತಂದಿತ್ತು.

ಎಡಿಸನ್ನರ ಬ್ಯಾಟರಿ ಇಲ್ಲಿಗೆ ಸಾಯಲಿಲ್ಲ. ಗಣಿ ಕಾರ್ಮಿಕರ ತಲೆದೀಪ, ರೈಲ್ವೆ ಸಿಗ್ನಲ್, ನಗರದೊಳಗಿನ ಸರಕು ಗಾಡಿಗಳಲ್ಲಿ ಅದು ಹೊಂದಿಕೊಂಡಿತು. ಅಮೆರಿಕದಲ್ಲಿ ಅದರ ತಯಾರಿಕೆ ನಿಂತದ್ದು 1970ರ ದಶಕದಲ್ಲಿ. ಎಡಿಸನ್ 1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು.

ಹಾಗಾದರೆ ನಮ್ಮ ಹೈಬ್ರಿಡ್ ಕಾರು?

1997ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್ ಕಾರಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಎಡಿಸನ್ನರ ಬ್ಯಾಟರಿಗೆ ದೂರದ ಬಂಧು. ಅದೇ ನಿಕಲ್ ಫಲಕ, ಅದೇ ಕ್ಷಾರ. ಕಬ್ಬಿಣದ ಜಾಗದಲ್ಲಿ ಮಾತ್ರ ಹೈಡ್ರೋಜನ್ ಹೀರಿಟ್ಟುಕೊಳ್ಳುವ ಮಿಶ್ರಲೋಹ. ನಮ್ಮ ಬಿಡದಿಯಲ್ಲಿ 2013ರಿಂದ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್‌ನಲ್ಲೂ ಇದ್ದದ್ದು ಈ ಜಾತಿಯದೇ.

ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇಂಥ 168 ಸೆಲ್‌ಗಳಿವೆ, ಒಟ್ಟು 201.6 ವೋಲ್ಟ್. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದೊಂದೂ 3.2 ವೋಲ್ಟ್, ಆದ್ದರಿಂದ 63 ಹಾಕಿದರೆ ಲೆಕ್ಕ ಕೂಡುತ್ತದೆ. ಆದರೆ ಕೂಡುವುದು ಈ ಒಂದು ಲೆಕ್ಕ ಮಾತ್ರ. ಕಾರಿನ ಕಂಪ್ಯೂಟರ್ ವೋಲ್ಟೇಜ್, ಕರೆಂಟ್, ಬಿಸಿ ನೋಡಿ ಎಷ್ಟು ಚಾರ್ಜ್ ಉಳಿದಿದೆ ಎಂದು ಊಹಿಸುವುದು ನಿಕಲ್‌ನ ಸ್ವಭಾವದ ಮೇಲೆ. ಲಿಥಿಯಂನ ವೋಲ್ಟೇಜ್ ಏರಿಳಿಯುವ ರೀತಿಯೇ ಬೇರೆ, ಹೀಗಾಗಿ ಊಹೆ ತಪ್ಪುತ್ತದೆ. ನಿಕಲ್ ಸೆಲ್ ಸ್ವಲ್ಪ ಹೆಚ್ಚು ಚಾರ್ಜ್ ಆದರೆ ಅನಿಲವನ್ನು ಒಳಗೇ ಮತ್ತೆ ನೀರಾಗಿಸಿಕೊಳ್ಳುತ್ತದೆ. ಲಿಥಿಯಂಗೆ ಆ ಸಹನೆ ಇಲ್ಲ. ಅದರ ಪ್ರತಿ ಸೆಲ್ ಮೇಲೂ ಕಣ್ಣಿಡುವ, ಮಿತಿ ಮೀರಿದರೆ ತಡೆಯುವ ಸರ್ಕ್ಯೂಟ್ ಬೇಕೇ ಬೇಕು.

ಹಾಗಾಗಿ ಬದಲಿಸಲೇಬಾರದು ಎಂದಲ್ಲ. ಅದೇ ಬಗೆಯ ಹೊಸ ಬ್ಯಾಟರಿ ಹಾಕುವುದು ನೇರ ದಾರಿ. ಹಳೆಯ ಕಾರಿನ ವೋಲ್ಟೇಜಿಗೆ ಹೊಂದಿಸಿ, ತನ್ನದೇ ನಿಯಂತ್ರಣ ಸರ್ಕ್ಯೂಟ್ ಜೊತೆ ಮಾಡಿದ ಲಿಥಿಯಂ ಬ್ಯಾಟರಿಗಳೂ ವಿದೇಶಗಳಲ್ಲಿ ಸಿಗುತ್ತವೆ. ಬಿಡಿ ಸೆಲ್ ತಂದು ಕೂಡಿಸುವುದು, ಹಳೆಯ ಮಾಡ್ಯೂಲುಗಳ ನಡುವೆ ಒಂದೆರಡು ಹೊಸದು ತುರುಕುವುದು ಬೇಡ. ಇ-2ರ ದುರ್ಬಲ ಸೆಲ್‌ನ ತೊಂದರೆ ಅಲ್ಲೂ ಕಾದಿರುತ್ತದೆ. ಇನ್ನು, ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿರುವ 200 ವೋಲ್ಟ್ ಪ್ರಾಣ ತೆಗೆಯಬಲ್ಲದು, ತರಬೇತಿ ಇಲ್ಲದವರು ಮುಟ್ಟುವಂತಿಲ್ಲ.

ನಿಮ್ಮ ಮೆಕ್ಯಾನಿಕ್ ಲಿಥಿಯಂ ಹಾಕೋಣ ಎಂದರೆ ಮೂರು ಪ್ರಶ್ನೆ ಕೇಳಿ. ಪ್ರತಿ ಸೆಲ್ ಮೇಲೆ ಕಣ್ಣಿಡುವ ಸರ್ಕ್ಯೂಟ್ ಇದರಲ್ಲಿದೆಯೇ? ಕಾರಿನ ಕಂಪ್ಯೂಟರಿಗೆ ಈ ಬ್ಯಾಟರಿಯ ಸ್ವಭಾವ ತಿಳಿಯುವುದು ಹೇಗೆ? ಬಿಸಿ ಹೊರಹೋಗಲು ದಾರಿ ಎಲ್ಲಿದೆ? ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಹಳೆಯ ಬಗೆಯದನ್ನೇ ಹಾಕಿಸಿಕೊಳ್ಳುವುದು ಮೇಲು.